ಇಳಿವಯಸ್ಸಿನ ನಿಶ್ಶಕ್ತಿ: ಸ್ವಭಾವದ ಪಾಲೆಷ್ಟು, ಊರಿನ ಪಾಲೆಷ್ಟು?

ಮನೆಯಲ್ಲಿ ಹಿರಿಯರು ಸೊರಗುತ್ತಾ ಬಂದಾಗ ನಾವು ಎರಡು ಮಾತು ಆಡುತ್ತೇವೆ. ಒಂದು, ‘ವಯಸ್ಸಾಯ್ತಲ್ಲ’. ಇನ್ನೊಂದು, ‘ಅವರ ಸ್ವಭಾವಾನೇ ಹಾಗೆ’. ಅಪ್ಪ ಸಂಜೆ ವಾಕಿಂಗ್ ಬಿಟ್ಟಿದ್ದಾರೆ, ಎರಡನೇ ಮಹಡಿ ಹತ್ತುವಷ್ಟರಲ್ಲಿ ಕೂತುಬಿಡುತ್ತಾರೆ, ಹೋದ ವರ್ಷದ ಪ್ಯಾಂಟು ಈಗ ಸಡಿಲ. ಅಮ್ಮ ಮೊದಲಿನಿಂದಲೂ ಜಾಸ್ತಿ ಯೋಚನೆ ಮಾಡುವವರು, ಈಗ ಮನೆ ಬಾಗಿಲು ದಾಟುವುದಕ್ಕೂ ಹೆದರುತ್ತಾರೆ. ಈ ಎರಡು ಮಾತು ಆಡಿದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ನನಗೆ ಬೇಸರ ತರುವುದು ಅದೇ. ಸ್ವಭಾವಕ್ಕೂ ಇಳಿವಯಸ್ಸಿನ ನಿಶ್ಶಕ್ತಿಗೂ ನಂಟು ಇರುವುದು ನಿಜ. ಆದರೆ ಆ ನಂಟು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರೆ, ಕೈಚೆಲ್ಲಿ ಕೂರುವುದಕ್ಕೆ ಕಾರಣ ಸಿಗುವುದಿಲ್ಲ. ಮಾಡಬೇಕಾದ ಕೆಲಸ ಎಲ್ಲಿದೆ ಎಂಬುದು ಕಾಣುತ್ತದೆ.

ಇದು ಕೆಲವೇ ಮನೆಗಳ ಚಿಂತೆಯಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ ಇದ್ದರು. 2050ರ ಹೊತ್ತಿಗೆ ಇದು 34 ಕೋಟಿ ಮೀರುತ್ತದೆ, ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜು ಮಾಡಿದೆ. ಜಯನಗರ, ಮಲ್ಲೇಶ್ವರ, ಬಸವನಗುಡಿಯ ಹಳೆಯ ಬೀದಿಗಳಲ್ಲಿ ಇದು ಈಗಲೇ ಕಣ್ಣಿಗೆ ಕಾಣುತ್ತದೆ. ದೊಡ್ಡ ಮನೆ, ಒಳಗೆ ಇಬ್ಬರು ಅಥವಾ ಒಬ್ಬರು. ಮಕ್ಕಳು ವೈಟ್‌ಫೀಲ್ಡ್‌ನಲ್ಲಿ, ಇಲ್ಲವೇ ಅಮೆರಿಕದಲ್ಲಿ.

ಇಳಿವಯಸ್ಸಿನ ಈ ನಿಶ್ಶಕ್ತಿಯನ್ನು ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಅದು ಬರೀ ಮುಪ್ಪಲ್ಲ. ಒಂದೇ ಕಾಯಿಲೆಯ ಹೆಸರೂ ಅಲ್ಲ. ದೇಹಕ್ಕೆ ಇದ್ದ ಹೆಚ್ಚುವರಿ ಶಕ್ತಿಯೆಲ್ಲ ಕರಗಿ, ಸಣ್ಣ ಪೆಟ್ಟನ್ನೂ ತಡೆದುಕೊಳ್ಳಲಾಗದ ಸ್ಥಿತಿ ಅದು. ಎಪ್ಪತ್ತೈದು ವರ್ಷದ ಇಬ್ಬರಿಗೆ ಒಂದೇ ವೈರಲ್ ಜ್ವರ ಬರಬಹುದು. ಒಬ್ಬರು ವಾರದಲ್ಲಿ ಎದ್ದು ತರಕಾರಿಗೆ ಹೋಗುತ್ತಾರೆ. ಇನ್ನೊಬ್ಬರು ಹಾಸಿಗೆಯಿಂದ ಎದ್ದರೂ ಮೊದಲಿನ ಹಾಗೆ ಆಗುವುದೇ ಇಲ್ಲ. ಆ ಎರಡನೆಯವರು ಜ್ವರ ಬರುವ ಮೊದಲೇ ಫ್ರೇಲ್ ಆಗಿದ್ದರು, ಯಾರೂ ಗಮನಿಸಿರಲಿಲ್ಲ ಅಷ್ಟೆ.

ಇದನ್ನು ಅಳೆಯುವುದಕ್ಕೆ ಹೆಚ್ಚು ಬಳಕೆಯಲ್ಲಿರುವ ಪಟ್ಟಿ ಕೊಟ್ಟವರು ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು, 2001ರಲ್ಲಿ. ಅದರಲ್ಲಿ ಐದು ಅಂಶಗಳಿವೆ. ಪ್ರಯತ್ನವಿಲ್ಲದೆ ವರ್ಷದಲ್ಲಿ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಇದ್ದರೆ ಫ್ರೇಲ್. ಒಂದೆರಡು ಇದ್ದರೆ ಆ ದಾರಿಯಲ್ಲಿದ್ದಾರೆ ಎಂದರ್ಥ. ನಡಿಗೆ ಮತ್ತು ಹಿಡಿತಕ್ಕೆ ಏಷ್ಯಾದವರಿಗೆ ಬೇರೆ ಅಳತೆ ಬೇಕು ಎಂದು ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಸ್ನಾಯು ನಷ್ಟಕ್ಕೆ ಮಿತಿಗಳನ್ನು ಹೇಳಿತು. ಯಂತ್ರ ಹಿಂಡಿಸಿ ಅಳೆದ ಹಿಡಿತ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ ದುರ್ಬಲ. ನಡಿಗೆ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆಯಿದ್ದರೆ ನಿಧಾನ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಅದೂ ಎಚ್ಚರಿಕೆಯೇ. ಈ ಕೊನೆಯದನ್ನು ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ, ಪಕ್ಕದಲ್ಲಿ ಒಬ್ಬರು ನಿಂತು, ಮನೆಯಲ್ಲೇ ನೋಡಬಹುದು.

ಈಗ ಸ್ವಭಾವದ ವಿಷಯ. ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಆತಂಕ, ಬೇಸರಗಳಿಗೆ ಬೇಗ ಸಿಲುಕುವ ಗುಣ. ಜನರೊಂದಿಗೆ ಬೆರೆಯುವ ಗುಣ. ಶಿಸ್ತು, ಅಚ್ಚುಕಟ್ಟು. ಹೊಸದರ ಬಗ್ಗೆ ಕುತೂಹಲ. ಇನ್ನೊಬ್ಬರೊಂದಿಗೆ ಹೊಂದಿಕೊಂಡು ಹೋಗುವ ಗುಣ. ಇವು ‘ಇದೆ, ಇಲ್ಲ’ ಎನ್ನುವಂಥವಲ್ಲ. ಎಲ್ಲರಲ್ಲೂ ಎಲ್ಲವೂ ಇರುತ್ತವೆ, ಪ್ರಮಾಣ ಬೇರೆ.

ಫ್ರಾನ್ಸ್‌ನ ಯಾನಿಕ್ ಸ್ಟೆಫಾನ್, ಅಮೆರಿಕದ ಏಂಜಲಿನಾ ಸುಟಿನ್ ಮತ್ತು ಆಂಟೋನಿಯೋ ಟೆರಾಚಿಯಾನೋ ಅವರ ತಂಡ ವ್ಯಕ್ತಿತ್ವ ಮತ್ತು ಮುಪ್ಪಿನ ನಂಟನ್ನು ಬಹಳ ಕಾಲದಿಂದ ಅಧ್ಯಯನ ಮಾಡುತ್ತಿದೆ. 2017ರಲ್ಲಿ ಅವರು ನಾಲ್ಕು ಬೇರೆ ಬೇರೆ ಗುಂಪುಗಳ ಮಾಹಿತಿ ಇಟ್ಟುಕೊಂಡು ಫ್ರೇಲ್ಟಿಯನ್ನು ನೋಡಿದರು. ಆತಂಕದ ಗುಣ ಹೆಚ್ಚಿದ್ದವರಲ್ಲಿ ನಿಶ್ಶಕ್ತಿ ಹೆಚ್ಚು. ಶಿಸ್ತು ಮತ್ತು ಬೆರೆಯುವ ಗುಣ ಹೆಚ್ಚಿದ್ದವರಲ್ಲಿ ಕಡಿಮೆ. ನಡಿಗೆಯ ವೇಗ, ಕೈ ಹಿಡಿತಗಳನ್ನು ಬೇರೆಯಾಗಿ ನೋಡಿದ ಅಧ್ಯಯನಗಳೂ ಇದೇ ದಿಕ್ಕಿಗೆ ಕೈ ತೋರಿಸುತ್ತವೆ. ಕುತೂಹಲ, ಹೊಂದಾಣಿಕೆ ಗುಣಗಳ ನಂಟು ಇಷ್ಟು ಗಟ್ಟಿಯಾಗಿಲ್ಲ. ಎಲ್ಲ ಗುಣಗಳ ಪರಿಣಾಮವೂ ಸಾಧಾರಣ ಮಟ್ಟದ್ದೇ. ವಯಸ್ಸು, ಸಕ್ಕರೆ ಕಾಯಿಲೆ, ಬಡತನ ಇವುಗಳ ಜೊತೆ ಸೇರಿ ಕೆಲಸ ಮಾಡುತ್ತದೆಯೇ ಹೊರತು ಅವನ್ನು ಪಕ್ಕಕ್ಕೆ ತಳ್ಳುವುದಿಲ್ಲ.

ಶಿಸ್ತಿನ ಕಥೆ ಹಳೆಯದು. ಕ್ಯಾಲಿಫೋರ್ನಿಯಾದಲ್ಲಿ 1921ರಲ್ಲಿ ಸುಮಾರು 1,500 ಜಾಣ ಮಕ್ಕಳನ್ನು ಆರಿಸಿ ಜೀವನಪೂರ್ತಿ ಗಮನಿಸುವ ಅಧ್ಯಯನವೊಂದು ಶುರುವಾಗಿತ್ತು. 1993ರಲ್ಲಿ ಹೊವರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ಕಡತಗಳನ್ನು ತೆರೆದು ನೋಡಿದಾಗ, ಚಿಕ್ಕಂದಿನಲ್ಲಿ ಶಿಸ್ತಿನವರು ಎನಿಸಿಕೊಂಡಿದ್ದವರು ಹೆಚ್ಚು ಕಾಲ ಬದುಕಿದ್ದು ಕಂಡಿತು. ಇದರಲ್ಲಿ ಮಾಯೆ ಏನಿಲ್ಲ. ಬಿಪಿ ಮಾತ್ರೆ ಸಮಯಕ್ಕೆ ತೆಗೆದುಕೊಳ್ಳುವುದು, ಬೀಡಿ ಸಿಗರೇಟಿಗೆ ಹೋಗದಿರುವುದು, ಮಳೆಯಿರಲಿ ಚಳಿಯಿರಲಿ ನಡೆಯುವುದು, ನಿದ್ದೆ ಕೆಡದಂತೆ ನೋಡಿಕೊಳ್ಳುವುದು. ಒಂದೊಂದೂ ಚಿಕ್ಕದು. ಐವತ್ತು ವರ್ಷ ಸೇರಿದರೆ ಸ್ನಾಯುವಿನಲ್ಲಿ, ರಕ್ತನಾಳದಲ್ಲಿ ಕಾಣುತ್ತದೆ. ಶಿಸ್ತಿನವರ ರಕ್ತದಲ್ಲಿ ಉರಿಯೂತದ (ದೇಹದ ರಕ್ಷಣಾ ವ್ಯವಸ್ಥೆ ಕೆರಳಿರುವ ಸ್ಥಿತಿಯ) ಗುರುತುಗಳು ಸ್ವಲ್ಪ ಕಡಿಮೆ ಇರುವುದನ್ನೂ ಕೆಲವು ಅಧ್ಯಯನಗಳು ತೋರಿಸಿವೆ. ಬಹಳ ಕಾಲ ಉಳಿಯುವ ಸಣ್ಣ ಉರಿಯೂತ ಸ್ನಾಯು ಕರಗುವುದಕ್ಕೆ ಒಂದು ಕಾರಣ.

ಆತಂಕದ ದಾರಿ ಇನ್ನೂ ಹತ್ತಿರದ್ದು, ನಮ್ಮ ಮನೆಗಳಲ್ಲಿ ಹೆಚ್ಚು ನಡೆಯುವಂಥದ್ದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹನುಮಂತನಗರದ ಒಂದು ಬೀದಿಯಲ್ಲಿ ಎಪ್ಪತ್ತರ ಆಸುಪಾಸಿನ ಇಬ್ಬರು ಅಜ್ಜಿಯರು ಇದ್ದಾರೆ ಎಂದುಕೊಳ್ಳಿ. ಇಬ್ಬರಿಗೂ ಮಂಡಿ ನೋವು. ಇಬ್ಬರೂ ಒಂದೊಂದು ಸಲ ಬಚ್ಚಲಮನೆಯಲ್ಲಿ ಜಾರಿದ್ದಾರೆ, ಮೂಳೆ ಮುರಿದಿಲ್ಲ. ಒಬ್ಬರು ‘ದೇವರು ದೊಡ್ಡವನು’ ಎಂದು ನಾಲ್ಕು ದಿನ ಎಣ್ಣೆ ಹಚ್ಚಿಸಿಕೊಂಡು ಮತ್ತೆ ಹೂವಿನಂಗಡಿಗೆ ಹೊರಡುತ್ತಾರೆ. ಇನ್ನೊಬ್ಬರಿಗೆ ಆ ಜಾರಿದ ಕ್ಷಣ ಮನಸ್ಸಿನಿಂದ ಹೋಗುವುದೇ ಇಲ್ಲ. ಮತ್ತೆ ಬಿದ್ದರೆ? ಸೊಂಟ ಮುರಿದರೆ? ಮಕ್ಕಳಿಗೆ ಹೊರೆಯಾದರೆ? ಮೊದಲು ಒಬ್ಬರೇ ರಸ್ತೆ ದಾಟುವುದು ನಿಲ್ಲುತ್ತದೆ. ಆಮೇಲೆ ದೇವಸ್ಥಾನ. ಆಮೇಲೆ ಟೆರೇಸ್ ಮೇಲೆ ಬಟ್ಟೆ ಒಣಹಾಕುವುದು. ಕಾಲಿಗೆ ಕೆಲಸ ಕಡಿಮೆಯಾದಂತೆ ಕಾಲಿನ ಬಲ ಕಡಿಮೆಯಾಗುತ್ತದೆ. ಬಲ ಕಡಿಮೆಯಾದಂತೆ ಬೀಳುವ ಸಾಧ್ಯತೆ ನಿಜಕ್ಕೂ ಹೆಚ್ಚುತ್ತದೆ. ಬೀಳಬಾರದು ಎಂದು ಕೂತದ್ದೇ ಬೀಳಿಸುವ ದಾರಿಯಾಗುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಗೊತ್ತಾ? 2007ರಲ್ಲಿ ಅಮೆರಿಕದಲ್ಲಿ 60 ದಾಟಿದ ಆರೋಗ್ಯವಂತರ ಸಣ್ಣ ಗುಂಪೊಂದನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಕಾಲುಗಳಿಂದಲೇ ಹತ್ತಿರಹತ್ತಿರ ಒಂದು ಕಿಲೋದಷ್ಟು ಕೊಬ್ಬಲ್ಲದ ತೂಕ, ಅಂದರೆ ಮುಖ್ಯವಾಗಿ ಸ್ನಾಯು, ಕರಗಿತ್ತು. ಕಾಯಿಲೆ ಇಲ್ಲದವರಲ್ಲೇ ಹೀಗೆ. ಜ್ವರ, ಆಪರೇಷನ್ ಆದಮೇಲೆ ‘ರೆಸ್ಟ್ ತಗೊಳ್ಳಿ’ ಎಂದು ತಿಂಗಳುಗಟ್ಟಲೆ ಮಲಗಿಸುವ ನಮ್ಮ ಪ್ರೀತಿ ಏನು ಮಾಡುತ್ತದೆ ಎಂದು ಯೋಚಿಸಿ.

ಆ ಪ್ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿರಿಯರ ಆತಂಕಕ್ಕೆ ಮಕ್ಕಳ ಆತಂಕ ಸೇರಿಕೊಳ್ಳುತ್ತದೆ. ‘ಅಪ್ಪಾ, ನೀವು ಹೊರಗೆ ಹೋಗ್ಬೇಡಿ, ನಾನು ಆರ್ಡರ್ ಮಾಡ್ತೀನಿ’ ಎಂದು ಮಗಳು ದೂರದಿಂದ ಫೋನಿನಲ್ಲಿ ಹೇಳುತ್ತಾಳೆ. ಹತ್ತು ನಿಮಿಷದಲ್ಲಿ ಹಾಲು, ಕೊತ್ತಂಬರಿ, ಮಾತ್ರೆ ಬಾಗಿಲಿಗೆ ಬರುತ್ತದೆ. ಅವಳ ಕಳಕಳಿಯಲ್ಲಿ ತಪ್ಪಿಲ್ಲ. ಆದರೆ ಆ ಹಾಲಿನ ಜೊತೆ ದಿನದ ನಡಿಗೆ, ಬೂತಿನವನ ಜೊತೆಗಿನ ಎರಡು ಮಾತು, ಬೆಳಗಿನ ಬಿಸಿಲು ಎಲ್ಲವೂ ಕೈತಪ್ಪುತ್ತವೆ.

ನಾನು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. ಒಂದೇ ಸ್ವಭಾವಕ್ಕೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಬೆಲೆ ತೆರಬೇಕಾಗುತ್ತದೆ. ಹಳೆಯ ಬೆಂಗಳೂರಿನ ವಠಾರಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಮೌನಿಗಳೂ ಇದ್ದರು, ಗಾಬರಿ ಸ್ವಭಾವದವರೂ ಇದ್ದರು. ಆದರೆ ನಲ್ಲಿ ನೀರಿಗೆ ಹೋಗಲೇಬೇಕಿತ್ತು, ಹಿಟ್ಟಿನ ಗಿರಣಿಗೆ ನಡೆಯಲೇಬೇಕಿತ್ತು. ಪಕ್ಕದ ಮನೆಯವರು ಕೇಳದೆಯೇ ಒಳಗೆ ಬರುತ್ತಿದ್ದರು. ಬೆರೆಯುವ ಮನಸ್ಸು ಇರಲಿ ಬಿಡಲಿ, ಓಡಾಟ ಮತ್ತು ಮಾತು ದಿನಚರಿಯಲ್ಲೇ ಸೇರಿತ್ತು. ಆ ಬದುಕು ಸುಖವಾಗಿತ್ತು ಎಂದು ಹೇಳುತ್ತಿಲ್ಲ, ಹೆಂಗಸರಿಗಂತೂ ಅದು ಬೆನ್ನು ಮುರಿಯುವ ದುಡಿಮೆ. ಆದರೆ ಈಗ ಓಡಾಡಬೇಕೋ ಬೇಡವೋ ಎಂಬುದು ಪೂರ್ತಿ ಅವರವರ ಇಷ್ಟಕ್ಕೆ ಬಿಟ್ಟದ್ದು. ಇಷ್ಟಕ್ಕೆ ಬಿಟ್ಟ ಕಡೆಯಲ್ಲೆಲ್ಲ ಸ್ವಭಾವವೇ ತೀರ್ಮಾನ ಮಾಡುತ್ತದೆ. ಬೆರೆಯುವವರು ಕೃಷ್ಣರಾವ್ ಪಾರ್ಕಿಗೋ ಸ್ಯಾಂಕಿ ಕೆರೆಗೋ ಹೋಗಿ ಗುಂಪು ಕಟ್ಟುತ್ತಾರೆ. ಸಂಕೋಚದವರು ಟಿವಿ ಮುಂದೆ ಉಳಿಯುತ್ತಾರೆ.

ಹೊರಡಲು ಮನಸ್ಸು ಮಾಡಿದವರಿಗೂ ಊರು ಏನು ಕೊಡುತ್ತದೆ? ಎದ್ದುನಿಂತ ಕಲ್ಲು ಚಪ್ಪಡಿ, ಫುಟ್‌ಪಾತ್ ನಡುವೆ ಟ್ರಾನ್ಸ್‌ಫಾರ್ಮರ್, ಟ್ರಾಫಿಕ್ ಜಾಸ್ತಿಯಾದರೆ ಫುಟ್‌ಪಾತ್ ಮೇಲೇ ಬರುವ ಸ್ಕೂಟರ್, ಬೀದಿ ನಾಯಿ. ಧೈರ್ಯವಂತರು ಇದನ್ನೆಲ್ಲ ದಾಟಿಕೊಂಡು ಹೋಗುತ್ತಾರೆ. ಆತಂಕದವರು ಅಲ್ಲೇ ಹಿಂದಿರುಗುತ್ತಾರೆ. ಅವರ ಹೆದರಿಕೆ ಇಲ್ಲಿ ಹುಸಿಯೂ ಅಲ್ಲ. ಸಮತಟ್ಟಾದ ಫುಟ್‌ಪಾತ್ ಹಾಕಿದರೆ ಯಾರ ಸ್ವಭಾವವೂ ಬದಲಾಗುವುದಿಲ್ಲ, ಆದರೆ ಅಂಜುಬುರುಕರಿಗೂ ಧೈರ್ಯವಂತರಿಗೂ ನಡುವಿನ ಅಂತರ ಕಿರಿದಾಗುತ್ತದೆ. ಫುಟ್‌ಪಾತನ್ನು ನಾನು ಆರೋಗ್ಯ ಇಲಾಖೆಯ ವಿಷಯ ಎಂದೇ ನೋಡುತ್ತೇನೆ.

ಉಲ್ಟಾ ಉದಾಹರಣೆಯೂ ಇದೇ ಊರಿನಲ್ಲಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಅದರ ಬಗ್ಗೆ ಹಣಕಾಸಿನ ವಾದಗಳು ಏನೇ ಇರಲಿ, ಮಗನ ಹತ್ತಿರ ಬಸ್ ಚಾರ್ಜ್ ಕೇಳಲು ಸಂಕೋಚಪಡುತ್ತಿದ್ದ ಅಜ್ಜಿ ಈಗ ಕೇಳದೆಯೇ ತಂಗಿಯ ಮನೆಗೆ, ಗವಿಗಂಗಾಧರೇಶ್ವರ ದೇವಸ್ಥಾನಕ್ಕೆ ಹೋಗಬಹುದು. ಹೊರಡುವ ಮುನ್ನ ಇದ್ದ ಒಂದು ಅಡ್ಡಿ ಹೋಯಿತು. ಬಸ್ಸಿನ ಮೊದಲ ಮೆಟ್ಟಿಲು ಇನ್ನೂ ಎತ್ತರವೇ, ಅದೊಂದು ಕೊರತೆ ಉಳಿದಿದೆ.

ಇಷ್ಟು ಹೇಳಿದ ಮೇಲೆ ಈ ಸಂಶೋಧನೆಗಳನ್ನು ಎಚ್ಚರದಿಂದ ಓದಬೇಕಾದ ಕಾರಣಗಳನ್ನೂ ಹೇಳಬೇಕು. ಮೊದಲನೆಯದು ಅಳತೆಯದ್ದೇ ತೊಡಕು. ಫ್ರೀಡ್ ಅವರ ಪಟ್ಟಿಯಲ್ಲಿ ‘ಸುಸ್ತು’ ಎಂಬುದನ್ನು ತಿಳಿಯಲು ಬಳಸಿದ ಎರಡು ಪ್ರಶ್ನೆಗಳು ಬಂದದ್ದು ಖಿನ್ನತೆ ಅಳೆಯುವ ಪ್ರಶ್ನಾವಳಿಯಿಂದ. ಏನು ಮಾಡಿದರೂ ಕಷ್ಟ ಅನಿಸುತ್ತಿತ್ತೇ, ಯಾವುದಕ್ಕೂ ಮುಂದಡಿ ಇಡಲಾಗುತ್ತಿರಲಿಲ್ಲವೇ ಎಂದು ಕೇಳುತ್ತಾರೆ. ಆತಂಕ, ಬೇಸರದ ಗುಣ ಹೆಚ್ಚಿರುವವರು ಇದಕ್ಕೆ ‘ಹೌದು’ ಎನ್ನುವ ಸಾಧ್ಯತೆ ಹೇಗೂ ಹೆಚ್ಚು. ಅಂದರೆ ನಂಟಿನ ಒಂದು ಭಾಗ ಪ್ರಶ್ನೆಯಲ್ಲೇ ಅಡಗಿದೆ. ಹಾಗಂತ ಪೂರ್ತಿ ತಳ್ಳಿಹಾಕುವಂತಿಲ್ಲ. ಯಂತ್ರ ಹಿಡಿದು ಅಳೆದ ಕೈ ಬಲ, ಗಡಿಯಾರ ಹಿಡಿದು ಅಳೆದ ನಡಿಗೆಯಲ್ಲೂ ನಂಟು ಕಾಣುತ್ತದೆ.

ಎರಡನೆಯದು ಯಾವುದು ಮೊದಲು ಎಂಬ ಪ್ರಶ್ನೆ. ಮೂರು ವರ್ಷದಿಂದ ಮಂಡಿ ನೋವು, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು, ಕಣ್ಣಿಗೆ ಪೊರೆ. ಇಂಥವರು ಸಿಡುಕುವುದು, ಮದುವೆ ಮುಂಜಿಗೆ ಹೋಗದಿರುವುದು ಸ್ವಭಾವವೋ ಕಾಯಿಲೆಯೋ? ದೇಹ ಸೋತರೆ ಸ್ವಭಾವವೂ ಬಾಗುತ್ತದೆ. ಹಣದ ವಿಷಯವೂ ಇದೆ. ಪೆನ್ಷನ್ ಇರುವವರಿಗೆ ಶಿಸ್ತು ಸುಲಭ. ಎಪ್ಪತ್ತರಲ್ಲೂ ಸೆಕ್ಯೂರಿಟಿ ಕೆಲಸಕ್ಕೆ ರಾತ್ರಿ ಪಾಳಿ ಹೋಗುವ ತಾತನಿಗೆ ಸರಿಯಾದ ಹೊತ್ತಿನ ಊಟ, ನಿದ್ದೆ ಎಲ್ಲಿಂದ ಬರಬೇಕು? ಅವರ ಸೊರಗುವಿಕೆಗೆ ಸ್ವಭಾವದ ಹೆಸರು ಹಚ್ಚುವುದು ಅನ್ಯಾಯ. ಅಲ್ಲದೆ ಈ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು. ಅಲ್ಲಿಯ ಪ್ರಶ್ನಾವಳಿ ನಮ್ಮ ಕೂಡುಕುಟುಂಬದ ಅಜ್ಜಿಗೆ ನೇರವಾಗಿ ಹೊಂದುವುದಿಲ್ಲ. ನಮ್ಮ ಊರಿನ ಮಾಹಿತಿಗೆ ತಳಹದಿ ಸಿದ್ಧವಾಗುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಬೆಂಗಳೂರಿನವರನ್ನೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳವರನ್ನೂ ವರ್ಷಾನುಗಟ್ಟಲೆ ಗಮನಿಸುತ್ತಾ ಬಂದಿದೆ. ಲಾಸಿ ಎಂದು ಕರೆಯುವ, ಮುಪ್ಪಿನ ಬಗೆಗಿನ ರಾಷ್ಟ್ರೀಯ ಸಮೀಕ್ಷೆ ತನ್ನ ಮೊದಲ ಸುತ್ತಿನಲ್ಲೇ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಕೈ ಹಿಡಿತ, ನಡಿಗೆಯನ್ನೂ ಅಳೆದಿತ್ತು.

‘ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಎಂದು ನಮ್ಮಲ್ಲಿ ಗಾದೆ ಇದೆ. ಅದು ಪೂರ್ತಿ ನಿಜವಲ್ಲ ಎಂಬುದಕ್ಕೆ ಪುರಾವೆ ಇದೆ. ಮನೋಚಿಕಿತ್ಸೆ, ಔಷಧಿಗಳಿಂದ ವ್ಯಕ್ತಿತ್ವ ಎಷ್ಟು ಬದಲಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಬ್ರೆಂಟ್ ರಾಬರ್ಟ್ಸ್ ತಂಡ 2017ರಲ್ಲಿ ಪರಿಶೀಲಿಸಿತು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಆತಂಕದ ಗುಣವೇ, ಅದೂ ಕೆಲವೇ ವಾರಗಳಲ್ಲಿ. 2012ರ ಇನ್ನೊಂದು ಪ್ರಯೋಗದಲ್ಲಿ 60 ದಾಟಿದವರಿಗೆ 16 ವಾರ ತರ್ಕದ ಅಭ್ಯಾಸ, ಪದಬಂಧ, ಸುಡೋಕು ಕೊಟ್ಟಾಗ ಹೊಸದಕ್ಕೆ ತೆರೆದುಕೊಳ್ಳುವ ಗುಣ ಹೆಚ್ಚಿತ್ತು.

ಇನ್ನೂ ದೊಡ್ಡ ಸಮಾಧಾನವೆಂದರೆ, ಸ್ವಭಾವ ಬದಲಾಗದಿದ್ದರೂ ನಿಶ್ಶಕ್ತಿ ಹಿಮ್ಮೆಟ್ಟಬಲ್ಲದು. ಸಿಂಗಪುರದಲ್ಲಿ 246 ಹಿರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳು ಪೌಷ್ಟಿಕ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ ಕೊಡುವ ಅಭ್ಯಾಸಗಳನ್ನು ಬಿಡಿಯಾಗಿಯೂ ಒಟ್ಟಾಗಿಯೂ ಕೊಟ್ಟು ನೋಡಿದರು. ಎಲ್ಲ ಗುಂಪುಗಳಲ್ಲೂ ಸುಧಾರಣೆ ಕಂಡಿತು, ಒಟ್ಟಾಗಿ ಕೊಟ್ಟಲ್ಲಿ ಅತಿ ಹೆಚ್ಚು. ಅಮೆರಿಕದಲ್ಲಿ 70ರಿಂದ 89 ವಯಸ್ಸಿನ, ಹೆಚ್ಚು ಓಡಾಡದ 1,635 ಜನರ ಅಧ್ಯಯನವೊಂದರಲ್ಲಿ, ನಡಿಗೆ ಮತ್ತು ಸ್ನಾಯು ಬಲದ ವ್ಯಾಯಾಮ ಮಾಡಿದವರಲ್ಲಿ ನಡೆಯಲಾಗದ ಸ್ಥಿತಿಗೆ ಬಂದವರು ಕಡಿಮೆ. ಎಂಬತ್ತೈದರ ಸ್ನಾಯು ಕೂಡ ಕೆಲಸ ಕೊಟ್ಟರೆ ಬಲಗೊಳ್ಳುತ್ತದೆ.

ಹಾಗಾದರೆ ಸ್ವಭಾವದ ಅರಿವಿನಿಂದ ಏನು ಉಪಯೋಗ? ಯಾರಿಗೆ ಯಾವ ದಾರಿ ಎಂದು ಆರಿಸುವುದಕ್ಕೆ. ಎಲ್ಲರಿಗೂ ‘ದಿನಾ ಅರ್ಧ ಗಂಟೆ ವಾಕ್ ಮಾಡಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಅದನ್ನು ಪಾಲಿಸುವವರು ಶಿಸ್ತಿನವರು ಮಾತ್ರ, ಅವರು ಮೊದಲೇ ನಡೆಯುತ್ತಿದ್ದರು. ಆತಂಕದವರಿಗೆ ಹೊರಗೆ ಹೋಗುವ ಮುಂಚೆ ಮನೆಯೊಳಗಿನ ವ್ಯಾಯಾಮ ಬೇಕು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು, ಬಚ್ಚಲಿಗೆ ಹಿಡಿಕೆ, ಜಾರದ ಚಾಪೆ. ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಜೊತೆಗಿದ್ದರೆ ಧೈರ್ಯ ಬರುತ್ತದೆ. ಸಂಕೋಚದವರನ್ನು ಮೂವತ್ತು ಜನ ಒಟ್ಟಿಗೆ ಕೈ ತಟ್ಟಿ ನಗುವ ಕ್ಲಬ್ಬಿಗೆ ಎಳೆದುಕೊಂಡು ಹೋಗುವುದು ಹಿಂಸೆ. ಅವರಿಗೆ ಒಬ್ಬರೇ ಗೆಳೆಯರು, ಒಂದೇ ಹೊತ್ತು, ಲಾಲ್‌ಬಾಗಿನ ಒಂದು ಸುತ್ತು ಸಾಕು. ಮರೆತುಬಿಡುವವರಿಗೆ, ನಾಳೆಗೆ ಮುಂದೂಡುವವರಿಗೆ ಉಪದೇಶ ಮಾಡುವುದು ವ್ಯರ್ಥ. ವಾರದ ಮಾತ್ರೆ ಡಬ್ಬಿ ತಂದಿಡಿ, ಹಾಲು ತರುವ ಕೆಲಸ ಅವರದ್ದೇ ಆಗಿರಲಿ, ಮೊಮ್ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವ ಹೊಣೆ ಕೊಡಿ.

ಊಟವನ್ನೂ ಹೀಗೇ ನೋಡಬೇಕು. ಹಿರಿಯರಿಗೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ತಜ್ಞರ ಗುಂಪು 2013ರಲ್ಲಿ ಸಲಹೆ ಕೊಟ್ಟಿದೆ. 60 ಕಿಲೋ ತೂಗುವವರಿಗೆ 60ರಿಂದ 72 ಗ್ರಾಂ. ಒಬ್ಬರೇ ಇರುವವರು ‘ನನಗೊಬ್ಬಳಿಗೆ ಏನು ಮಾಡ್ಕೊಳ್ಳೋದು’ ಎಂದು ಸಂಜೆ ಅನ್ನ ಮಜ್ಜಿಗೆಯಲ್ಲಿ ಮುಗಿಸಿದರೆ ಇದರ ಹತ್ತಿರಕ್ಕೂ ಬರುವುದಿಲ್ಲ. ಗಟ್ಟಿ ಬೇಳೆ, ಹುರುಳಿ, ಕಡಲೆ ಉಸಲಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

‘ಅವರ ಸ್ವಭಾವಾನೇ ಹಾಗೆ’ ಎಂಬ ಮಾತು ನಿಜವಾಗಿ ಅಪಾಯ ತರುವ ಸಂದರ್ಭ ಇನ್ನೊಂದಿದೆ. ಜೀವನಪೂರ್ತಿ ಹಾಗೆ ಇಲ್ಲದವರು ಕೆಲವೇ ತಿಂಗಳಲ್ಲಿ ಹಾಗಾದರೆ ಅದು ಸ್ವಭಾವವಲ್ಲ. ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುತ್ತಿದ್ದವರು ಬಿಲ್ ಕಟ್ಟುವುದನ್ನೇ ಬಿಟ್ಟರೆ, ಮಾತುಗಾರರು ಮೂಕರಾದರೆ, ಸಮಾಧಾನಿಗಳು ಸಣ್ಣದಕ್ಕೂ ಗಾಬರಿಯಾದರೆ, ಅದರ ಹಿಂದೆ ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಹೊಸ ಮಾತ್ರೆಯ ಅಡ್ಡಪರಿಣಾಮ, ಕಿವಿ ಕೇಳಿಸದಿರುವುದು ಅಥವಾ ಮರೆವಿನ ಕಾಯಿಲೆಯ ಆರಂಭ ಇರಬಹುದು. ಇವುಗಳಲ್ಲಿ ಹಲವಕ್ಕೆ ನೇರ ಚಿಕಿತ್ಸೆ ಇದೆ. ವೈದ್ಯರ ಬಳಿ ಹೋಗುವಾಗ ಯಾವಾಗಿನಿಂದ, ಏನು ಬದಲಾಯಿತು, ತೂಕ ಎಷ್ಟು ಇಳಿಯಿತು, ಕುರ್ಚಿಯಿಂದ ಐದು ಸಲ ಏಳಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದುಕೊಂಡು ಹೋಗಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಸಂಬಂಧಿಸಿದ ಬೇರೆ ಸಹಾಯಕ್ಕೆ 14567 ಇದೆ.